ಕಣಕುಂಬಿಯ ಮಳೆ ಲೆಕ್ಕ

ಆಷಾಢದಲ್ಲಿ ರಾಮದುರ್ಗದ ಹೊಲ ಒಣಗಿದ್ದರೂ ಚಹಾದಂಗಡಿಯಲ್ಲಿ ಮಂದಿ ಕೇಳುವುದು, ‘ಖಾನಾಪುರ ಕಡೆ ಮಳಿ ಹೆಂಗೈತ್ರೀ?’ ಅಂತ. ಯಾಕೆಂದರೆ ನಮ್ಮ ಹೊಳೆ ಮಲಪ್ರಭೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ, ಸಹ್ಯಾದ್ರಿಯ ನೆತ್ತಿಯ ಮೇಲೆ. ಅಲ್ಲಿ ಜಡಿಮಳೆ ಹಿಡಿದರೆ ಸವದತ್ತಿಯ ನವಿಲುತೀರ್ಥ ಅಣೆಕಟ್ಟು ತುಂಬುತ್ತದೆ, ನಮ್ಮ ಕುಡಿಯುವ ನೀರಿನ ಚಿಂತೆ ಕಳೆಯುತ್ತದೆ. ಅದೇ ಮಳೆ ಮಿತಿ ಮೀರಿದಾಗ, 2019ರ ಆಗಸ್ಟ್‌ನಲ್ಲಿ, ರಾಮದುರ್ಗದ ಹೊಳೆದಂಡೆಯ ಮನೆಗಳಿಗೆ ನೀರು ನುಗ್ಗಿತು. ಗುಡ್ಡದ ಮಳೆ ಎಷ್ಟೆಂದು ಕೆಳಗಿನ ಪ್ರತಿ ಪಂಚಾಯಿತಿಯ ಹಲಗೆಯ ಮೇಲೆ ದಿನಾ ಬರೆಯಲೇಬೇಕು.

ಗುಡ್ಡದಿಂದ ದೂರ ಸರಿದಂತೆ ಬೆಳೆಯೂ ಬದಲಾಗುತ್ತದೆ. ಕಿತ್ತೂರು ಗುಡ್ಡಕ್ಕೆ ಹತ್ತಿರ, ಅಲ್ಲಿ ಭತ್ತ ಬೆಳೆಯುತ್ತದೆ. ಬೈಲಹೊಂಗಲ ದಾಟಿ ಮೂಡಣಕ್ಕೆ ಹೋದಂತೆ ಮಳೆ ಕಡಿಮೆಯಾಗುತ್ತ, ಎರೆಹೊಲ, ಜೋಳ, ಕಡಲೆ. ಹಿಂಗಾರಿ ಜೋಳ ಉತ್ತರಿ, ಹಸ್ತ ಮಳೆಗಳ ಹಸಿಗೆ ಬಿತ್ತನೆಯಾದರೆ ಮುಂದೆ ಬಹುಮಟ್ಟಿಗೆ ಎರೆ ಹಿಡಿದಿಟ್ಟ ತೇವದ ಮೇಲೆಯೇ ಬದುಕಬೇಕು. ಅದಕ್ಕೇ ರೈತರು ಸಾಲಿನ ನಡುವೆ ಎಡೆ ಹೊಡೆದು, ಮೇಲ್ಮಣ್ಣು ಸಡಿಲಿಸಿ, ಬಿರುಕು ಮುಚ್ಚುತ್ತಾರೆ. ಒಳಗಿನ ಹಸಿ ಬೇಗ ಆರುವುದಿಲ್ಲ. ನೀರು ಉಳಿಸುವ ಈ ಜಾಣ್ಮೆ ಯಾವ ಅಣೆಕಟ್ಟಿಗೂ ಕಡಿಮೆಯಲ್ಲ ಅಂತ ನಾನು ನಂಬುತ್ತೇನೆ.