ಅಚ್ಚಿಗೂ ಗಾಲಿಗೂ ನಡುವೆ

ಮನೆಯೊಳಗಿನ ಕಿರುಕುಳಗಳಲ್ಲಿ ಮುಕ್ಕಾಲು ಪಾಲು ಅಳತೆಯ ಕಿರುಕುಳಗಳು. ಹೊಸ ಚಪ್ಪಲಿ ಕಾಲನ್ನು ಕಚ್ಚುವುದು, ಹಳೆಯ ಬಾಗಿಲಿಗೆ ಹೊಸ ಅಗುಳಿ ಒಪ್ಪದಿರುವುದು, ಹಬ್ಬಕ್ಕೆಂದು ಹೊಲಿಸಿದ ಅಂಗಿಯ ಗುಂಡಿಗಳು ಹಬ್ಬದೂಟವಾದೊಡನೆ ಮುನಿಸಿಕೊಳ್ಳುವುದು, ಇವೆಲ್ಲವೂ ಒಂದೇ ಕುಲಕ್ಕೆ ಸೇರಿದ ತೊಂದರೆಗಳು. ಬಿಡಿಬಿಡಿಯಾಗಿ ನೋಡಿದರೆ ಚಪ್ಪಲಿಯೂ ನಿರ್ದೋಷಿ, ಕಾಲೂ ನಿರ್ದೋಷಿ. ಒಟ್ಟಿಗೆ ಬಾಳಿರೆಂದು ಹೇಳಿದಾಗಲೇ ಅವುಗಳ ಸ್ವಭಾವ ಹೊರಬೀಳುವುದು.

ಈ ಹೊಂದಿಕೆಯ ಕಷ್ಟವನ್ನು ಹರಪನಹಳ್ಳಿಯವರಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. 1997ರಲ್ಲಿ ಆ ತಾಲ್ಲೂಕನ್ನು ಬಳ್ಳಾರಿ ಜಿಲ್ಲೆಯಿಂದ ಕಳಚಿ, ಆಗತಾನೆ ಹುಟ್ಟಿದ ದಾವಣಗೆರೆ ಜಿಲ್ಲೆಗೆ ಜೋಡಿಸಿದರು. ಎರಡು ದಶಕಗಳು ಕಳೆದ ಮೇಲೆ ಮತ್ತೆ ಬಳ್ಳಾರಿಗೆ ಸೇರಿಸಿದರು. 2021ರಲ್ಲಿ ವಿಜಯನಗರ ಜಿಲ್ಲೆ ರೂಪುಗೊಂಡಾಗ ಅದು ಅಲ್ಲಿಗೆ ಬಂದಿತು. ಊರು ನಿಂತಲ್ಲೇ ನಿಂತಿದೆ. ಕಾಗದಪತ್ರಗಳ ತಲೆಬರಹ ಮಾತ್ರ ಮೂರು ಸಲ ಬದಲಾಯಿತು. ನೆರೆಯ ಕೊಟ್ಟೂರಿಗೆ ಹೊಸಪೇಟೆಯಿಂದ ಬರುತ್ತಿದ್ದ ರೈಲಿನ ಕಥೆಯೂ ಇಂಥದೇ. ಅದು ಮೊದಲು ಮೀಟರ್ ಗೇಜಿನ ದಾರಿ, ಎಂದರೆ ಹಳಿಗಳ ನಡುವಿನ ಅಂತರ 1000 ಮಿಲಿಮೀಟರ್. ಬ್ರಾಡ್ ಗೇಜಿನ ಅಂತರ 1676 ಮಿಲಿಮೀಟರ್. ಗಾಲಿಗಳ ನಡುವಿನ ಆ ಒಂದೂವರೆ ಮೊಳದಷ್ಟು ವ್ಯತ್ಯಾಸಕ್ಕಾಗಿ ದಾರಿಯನ್ನೇ ಮಾರ್ಪಡಿಸಬೇಕಾಯಿತು. ಅಚ್ಚಿನ ಅಳತೆ ಅಷ್ಟು ಹಟಮಾರಿ!

ಇಂಥ ಊರಿನ ಮಧ್ಯಮ ವರ್ಗದ ಮನೆಯೊಂದರಲ್ಲಿ ಪಿ.ಯು. ತರಗತಿಯ ಹುಡುಗನೊಬ್ಬ ರೇಡಿಯೋ ಮೂಲಕ ನಡೆಸುವ ಆಟದ ಲಾರಿಯನ್ನು ಬಿಚ್ಚಿಕೊಂಡು ಕುಳಿತಿರುವನೆಂದು ವಾಚಕರು ಊಹಿಸಿಕೊಳ್ಳಬಹುದು. ತಂತಿಯ ಹಂಗಿಲ್ಲದೆ ದೂರದಿಂದ ವಾಹನ ನಡೆಸುವ ವಿದ್ಯೆ ತೀರ ಹೊಸದೇನಲ್ಲ. ನಿಕೋಲಾ ಟೆಸ್ಲಾ ಎಂಬ ವಿಜ್ಞಾನಿ 1898ರಲ್ಲಿಯೇ ನ್ಯೂಯಾರ್ಕಿನಲ್ಲಿ ಪುಟ್ಟ ದೋಣಿಯೊಂದನ್ನು ಹೀಗೆ ನಡೆಸಿ ತೋರಿಸಿದ್ದನು. ಆದರೆ ನಮ್ಮ ಹುಡುಗನಿಗೆ ಕೊಂಡುತಂದ ಲಾರಿ ಸಾಲದು. ಸಂಡೂರಿನ ಗಣಿಗಳಿಂದ ಅದಿರು ಹೊತ್ತು ಬರುವ ಲಾರಿಗಳಂತೆ ಹಿಂದೆ ಎರಡು ಅಚ್ಚುಗಳು ಬೇಕು, ಮೋಟಾರಿನಿಂದ ಎರಡಕ್ಕೂ ಬಲ ಹರಿಯಬೇಕು. ಒಂದು ಲಾರಿಯ ಚಾಸಿ, ಮತ್ತೊಂದರ ಅಚ್ಚು, ಮೂರನೆಯದರ ಮೋಟಾರು ಚಾಪೆಯ ಮೇಲೆ ಹರಡಿಕೊಂಡಿವೆ.

“ಸಿ.ಇ.ಟಿ. ಮುಂದಿಟ್ಕಂಡು ಗಾಲಿ ಆಡ್ತಾ ಕುಂತೀಯಲ್ಲೋ!” ಎಂದು ತಂದೆಯ ಧ್ವನಿ ಹೊರಗಿನಿಂದ ಬರುತ್ತದೆ. ಆ ಆತಂಕ ಅಕಾರಣವಲ್ಲ. ಒಂದೇ ಸಂಬಳದ ಸಂಸಾರದಲ್ಲಿ ಮಗನ ಒಂದು ವರ್ಷ ವ್ಯರ್ಥವಾದರೆ ಅದರ ಹೊರೆ ಎಲ್ಲರ ಹೆಗಲಿಗೂ ಬೀಳುತ್ತದೆ.

ಹುಡುಗನಿಗೆ ಮೊದಲು ಎದುರಾಗುವುದು ಹಲ್ಲುಗಾಲಿಗಳ ವೈಮನಸ್ಯ. ಈ ಗಾಲಿಗಳ ಹಲ್ಲಿನ ಗಾತ್ರವನ್ನು ಕೆಲವರು ‘ಪಿಚ್’ ಎಂಬ ಲೆಕ್ಕದಲ್ಲಿ, ಕೆಲವರು ‘ಮಾಡ್ಯೂಲ್’ ಎಂಬ ಲೆಕ್ಕದಲ್ಲಿ ಹೇಳುತ್ತಾರೆ. 32 ಪಿಚ್ಚಿನ ಹಲ್ಲೂ 0.8 ಮಾಡ್ಯೂಲಿನ ಹಲ್ಲೂ ಹೆಚ್ಚುಕಡಿಮೆ ಒಂದೇ ಅಳತೆಯವಾದ್ದರಿಂದ ಹೇಗೋ ಸಂಸಾರ ಸಾಗಿಸಬಲ್ಲವು. 48 ಪಿಚ್ಚಿನದು ಬಹಳ ಸಣ್ಣ ಹಲ್ಲು. ಅದನ್ನು ಇವುಗಳೊಡನೆ ಕೂಡಿಸಿದರೆ ಕ್ಷಣಕಾಲದಲ್ಲಿ ಹಲ್ಲುಗಳೆಲ್ಲ ಸವೆದು ಹಿಟ್ಟಾಗುತ್ತವೆ. ಒಂದೇ ಅಳತೆಯವನ್ನು ತಂದ ಮೇಲೂ ಕೆಲಸ ಮುಗಿಯದು. ತೀರ ಒತ್ತಿ ಕೂರಿಸಿದರೆ ಮೋಟಾರು ಬಿಸಿಯಾಗುತ್ತದೆ. ದೂರ ನಿಲ್ಲಿಸಿದರೆ ಹಲ್ಲು ಜಾರುತ್ತದೆ. ಬಲ್ಲವರು ಇದಕ್ಕೊಂದು ಸುಲಭೋಪಾಯ ಕಂಡುಕೊಂಡಿದ್ದಾರೆ. ನೋಟುಬುಕ್ಕಿನ ಹಾಳೆಯ ಒಂದು ಪಟ್ಟಿಯನ್ನು ಎರಡು ಗಾಲಿಗಳ ನಡುವೆ ಇಟ್ಟು, ಒತ್ತಿ ಹಿಡಿದು ಮೋಟಾರಿನ ತಿರುಪು ಬಿಗಿಮಾಡಿ, ಆಮೇಲೆ ಕಾಗದವನ್ನು ಹೊರಕ್ಕೆ ತಿರುಗಿಸಿ ತೆಗೆಯುವುದು. ಆ ಕಾಗದ ಬಿಟ್ಟುಹೋದಷ್ಟು ಜಾಗವೇ ಗಾಲಿಗಳಿಗೆ ಬೇಕಾದ ಸಲಿಗೆ.

ಎರಡನೆಯ ತೊಡಕು ಮೋಟಾರಿನ ಪೆಟ್ಟಿಗೆಯಿಂದ ಅಚ್ಚಿಗೆ ಬಲವನ್ನು ಒಯ್ಯುವ ಶಾಫ್ಟಿನದು. ಹುಡುಗ ಲಾರಿಯನ್ನು ಮೇಜಿನ ಮೇಲೆ ನಿಲ್ಲಿಸಿ ಅಳತೆ ಹಿಡಿದು ಶಾಫ್ಟು ಕೂರಿಸುತ್ತಾನೆ. ಅಂಗಳದ ಮೊದಲನೆಯ ಕಲ್ಲು ಹತ್ತುವಷ್ಟರಲ್ಲಿ ಅದು ಕಳಚಿ ಬೀಳುತ್ತದೆ. ಏಕೆಂದರೆ ಸ್ಪ್ರಿಂಗಿನ ಮೇಲೆ ಕುಳಿತ ಅಚ್ಚು ತಗ್ಗಿಗೆ ಇಳಿದಾಗ, ದಿಣ್ಣೆಗೆ ಏರಿದಾಗ ಪೆಟ್ಟಿಗೆಗೂ ಅದಕ್ಕೂ ಇರುವ ದೂರ ಬದಲಾಗುತ್ತದೆ. ಆದುದರಿಂದಲೇ ಶಾಫ್ಟನ್ನು ಒಂದರೊಳಗೊಂದು ಜಾರುವ ಎರಡು ತುಂಡುಗಳಾಗಿ ಮಾಡಿರುತ್ತಾರೆ. ಅದು ಉದ್ದವಾದರೆ ಅಚ್ಚು ಏರಿದಾಗ ಪೆಟ್ಟಿಗೆಯನ್ನು ಗುದ್ದುತ್ತದೆ. ಗಿಡ್ಡವಾದರೆ ಅಚ್ಚು ಇಳಿದಾಗ ಕಳಚುತ್ತದೆ. ಅಳೆಯಬೇಕಾದುದು ಲಾರಿ ಸುಮ್ಮನೆ ನಿಂತಾಗಲ್ಲ, ಅಚ್ಚು ಹೋಗಬಲ್ಲ ಎರಡು ಕೊನೆಗಳಲ್ಲಿ.

ಮೂರನೆಯದು ಶಾಫ್ಟಿನ ಎರಡು ತುದಿಗಳ ಕೀಲುಗಳು. ಹದಿನಾರನೆಯ ಶತಮಾನದ ಇಟಲಿಯ ಪಂಡಿತ ಕಾರ್ಡಾನೋನ ಹೆಸರು ಇಂದಿಗೂ ಈ ಕೀಲಿಗೆ ಅಂಟಿಕೊಂಡಿದೆ. ಓರೆಯಾಗಿ ನಿಂತು ತಿರುಗುವಾಗ ಇದು ಒಂದೇ ಸಮನೆ ತಿರುಗುವುದಿಲ್ಲ. ಒಂದು ಸುತ್ತಿನಲ್ಲಿ ಎರಡು ಬಾರಿ ಅವಸರಪಡುತ್ತದೆ, ಎರಡು ಬಾರಿ ತಡಮಾಡುತ್ತದೆ. ಶಾಫ್ಟಿನ ಎರಡು ತುದಿಗಳ ಕವಲುಗಳನ್ನು ಒಂದೇ ನೇರಕ್ಕೆ ಜೋಡಿಸಿ ಎರಡೂ ಕಡೆ ಓರೆ ಸಮನಾಗಿದ್ದರೆ ಒಂದರ ಅವಸರವನ್ನು ಇನ್ನೊಂದರ ನಿಧಾನ ಸರಿದೂಗಿಸುತ್ತದೆ. ತಪ್ಪಿ ಜೋಡಿಸಿದರೆ ಲಾರಿ ಚಳಿಜ್ವರ ಬಂದಂತೆ ನಡುಗುತ್ತದೆ. ಅಡುಗೆಮನೆಯಲ್ಲಿ ಗ್ರೈಂಡರಿನ ಗದ್ದಲದ ನಡುವೆಯೂ ತಾಯಿಗೆ ಆ ನಡುಕದ ಸದ್ದು ಬೇರೆಯಾಗಿ ಕೇಳಿಸುತ್ತದೆ. ದಿನವೂ ಯಂತ್ರದೊಡನೆ ಬಾಳುವವರ ಕಿವಿ ಯಾವ ಅಳತೆಗೋಲಿಗೂ ಕಡಿಮೆಯಲ್ಲ.

ಬೇಸತ್ತ ಹುಡುಗ ಕಂಡ ತಿರುಪುಗಳನ್ನೆಲ್ಲ ಬಲವಾಗಿ ಬಿಗಿದುಬಿಡುತ್ತಾನೆ. ಆಗ ಗಾಲಿಗಳು ಕದಲುವುದೇ ಇಲ್ಲ. ಪಡಸಾಲೆಯಲ್ಲಿ ಕುಳಿತ ಅಜ್ಜ ಎತ್ತಿನ ಗಾಡಿಯ ಕಾಲದವನು. ಅವನು ಒಮ್ಮೆ ನೋಡಿ ಹೇಳುತ್ತಾನೆ: “ತಮ್ಮಾ, ಹಳಿ ಬಿಗಿ ಇರಬೇಕು, ಗುಂಬ ಸಡ್ಲ ಇರಬೇಕು. ಎಲ್ಲಾನೂ ಬಿಗಿ ಮಾಡಿದ್ರೆ ಅದು ಗಾಡಿ ಆಗಾದಿಲ್ಲ, ಮಂಚ ಆಗತೈತಿ.”

ಹಳೆಯ ಗಾಡಿಯ ವಿದ್ಯೆಯೆಲ್ಲ ಆ ಮಾತಿನಲ್ಲಿದೆ. ಕಬ್ಬಿಣದ ಹಳಿಯನ್ನು ಗಾಲಿಗಿಂತ ತುಸು ಚಿಕ್ಕದಾಗಿಯೇ ಮಾಡಿ, ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಅದು ಹಿಗ್ಗಿದಾಗ ಮರದ ಗಾಲಿಗೆ ತೊಡಿಸಿ ನೀರು ಹೊಯ್ಯುತ್ತಿದ್ದರು. ತಣಿದು ಕುಗ್ಗಿದ ಹಳಿ ಅರೆಕಾಲುಗಳನ್ನೆಲ್ಲ ಗುಂಬಕ್ಕೆ ಅಮುಕಿ ಹಿಡಿಯುತ್ತಿತ್ತು. ಆದರೆ ಗುಂಬಕ್ಕೂ ಅಚ್ಚಿಗೂ ನಡುವೆ ಕೀಲೆಣ್ಣೆ ಹರಿಯುವಷ್ಟು ಎಡೆಯನ್ನು ಬಿಡುತ್ತಿದ್ದರು. ಗಾಲಿ ಹೊರಕ್ಕೆ ಜಾರದಂತೆ ಕಾಯುವುದಕ್ಕೆ ಅಚ್ಚಿನ ತುದಿಯಲ್ಲಿ ಬೆರಳುದ್ದದ ಕಡಾಣಿ ಇರುತ್ತಿತ್ತು.

ಇದು ಬರಿಯ ಆಟದ ಮಾತಲ್ಲವೆಂಬುದನ್ನು ಆ ಸೀಮೆಯ ಜನ ಕಣ್ಣಾರೆ ಕಂಡಿದ್ದಾರೆ. 2017ರ ಫೆಬ್ರವರಿಯಲ್ಲಿ ಕೊಟ್ಟೂರಿನ ಶ್ರೀ ಗುರು ಕೊಟ್ಟೂರೇಶ್ವರ ರಥೋತ್ಸವದಂದು, ಜನಸಾಗರದ ನಡುವೆ ಸಾಗುತ್ತಿದ್ದ ಸುಮಾರು 60 ಅಡಿ ಎತ್ತರದ ತೇರು ಮಗುಚಿ ಬಿದ್ದಿತು. ಹಲವರು ಗಾಯಗೊಂಡರು. ಅಚ್ಚು ಮುರಿದುದೇ ಕಾರಣವೆಂದು ಪತ್ರಿಕೆಗಳು ವರದಿ ಮಾಡಿದವು. ಮೇಲಿನ ಹೂವು, ಬಾವುಟ, ಕಳಸಗಳನ್ನು ಎಲ್ಲರೂ ನೋಡಿ ಕೈಮುಗಿಯುತ್ತಾರೆ. ಕೆಳಗೆ ಬಗ್ಗಿ ಅಚ್ಚನ್ನು ನೋಡುವವನು ಒಬ್ಬನಾದರೂ ಇರಬೇಕು. ಅಂಥವನು ಪರೀಕ್ಷೆಯ ಮುನ್ನಾದಿನ ಹುಟ್ಟುವುದಿಲ್ಲ. ಎಲ್ಲೋ ಒಂದು ಮನೆಯ ಚಾಪೆಯ ಮೇಲೆ, ಬೈಗುಳ ತಿನ್ನುತ್ತ, ಬೆರಳಿಗೆ ಗ್ರೀಸು ಮೆತ್ತಿಕೊಂಡು ಅವನು ಬೆಳೆಯುತ್ತಿರುತ್ತಾನೆ.

ಇನ್ನೊಂದು ಸೂಕ್ಷ್ಮವುಂಟು. ಎರಡು ಭಾಗಗಳು ಒಪ್ಪದಿದ್ದಾಗ ಅರವನ್ನು ಯಾವುದರ ಮೇಲೆ ಆಡಿಸಬೇಕು? ಅಗ್ಗದ್ದು, ಮತ್ತೆ ಸಿಗುವಂಥದು ಯಾವುದೋ ಅದನ್ನು ಉಜ್ಜಬೇಕೆಂಬುದು ಕಸಬಿನ ನೀತಿ. ಸಂಸಾರಗಳಲ್ಲಿಯೂ ಈ ಅರ ಓಡಾಡುತ್ತಿರುತ್ತದೆ. ಸಾಮಾನ್ಯವಾಗಿ ಹೊಸದಾಗಿ ಬಂದ ಸೊಸೆಯ ಮೇಲೆ. ಅವಳ ಊಟ, ಮಾತು, ನಿದ್ದೆ ಎಲ್ಲವನ್ನೂ ಮನೆಯ ಅಳತೆಗೆ ಉಜ್ಜುತ್ತಾರೆ. ಅವಳು ಮತ್ತೆ ಸಿಗುವ ಬಿಡಿಭಾಗವಲ್ಲವೆಂಬುದು ನೆನಪಿಗೆ ಬರುವುದು ಹಲ್ಲು ಸವೆದ ಮೇಲೆ. ಚಾಸಿಯೇ ಸೊಟ್ಟಗಿರಬಹುದೆಂದು ಅಳತೆಪಟ್ಟಿ ಹಿಡಿದು ನೋಡುವ ಅತ್ತೆಮಾವಂದಿರು ಪುಣ್ಯವಂತರು.

ಹುಡುಗನ ಲಾರಿ ಏನಾಯಿತೆಂದು ವಾಚಕರು ಕೇಳಬಹುದು. ಕಾಗದದ ಪಟ್ಟಿಯಿಂದ ಹಲ್ಲುಗಳು ಹೊಂದಿದವು. ಕೂದಲೆಳೆ ದಪ್ಪದ ವಾಷರುಗಳು ಅಚ್ಚಿನ ಅಲುಗಾಟವನ್ನು ತಡೆದವು. ಹಿಂದಿನ ಎರಡು ಅಚ್ಚುಗಳಿಗೂ ಒಂದೇ ಲೆಕ್ಕದ ಹಲ್ಲುಗಳನ್ನು ಹಾಕಿದ ಮೇಲೆ ಅವು ಪರಸ್ಪರ ಜಗ್ಗಾಡುವುದನ್ನು ಬಿಟ್ಟವು. ಒಂದು ಸಂಜೆ ಲಾರಿ ಸೇರು ಮೆಕ್ಕೆಜೋಳ ಹೊತ್ತು ಹೊಸ್ತಿಲು ದಾಟಿತು. ತಂದೆ ಹೊಗಳಲಿಲ್ಲ; ದಾರಿಗೆ ಅಡ್ಡವಿದ್ದ ತನ್ನ ಚಪ್ಪಲಿಗಳನ್ನು ಸರಿಸಿದನು.

ಪರೀಕ್ಷೆ ಬಂದೇ ಬರುತ್ತದೆ, ಅದನ್ನು ಬರೆಯಲೇಬೇಕು. ಆದರೆ ಪರೀಕ್ಷೆ ಹುಡುಗನನ್ನು ಮೇಜಿನ ಮೇಲೆ ನಿಲ್ಲಿಸಿ ಅಳೆಯುತ್ತದೆ. ತಗ್ಗುದಿಣ್ಣೆಗಳಲ್ಲಿ ಅವನು ಕಳಚಿ ಬೀಳುವನೋ ತಾಳಿಕೊಳ್ಳುವನೋ ಎಂಬುದನ್ನು ಮುಂದಿನ ದಾರಿಯೇ ಹೇಳಬೇಕು.