ಬಿಯಾಸ್ ಕುಂಡದ ಕೆಳಗೆ ಒಂದು ರಾತ್ರಿ

ಯಾತ್ರೆಗೆ ಹೋಗಿಬಂದವರು ತಾವು ಕಂಡುದನ್ನು ಬರೆಯುವುದು ವಾಡಿಕೆ. ನಾನು ಕಾಣದೆ ಹಿಂದಿರುಗಿದುದನ್ನು ಬರೆಯುತ್ತಿದ್ದೇನೆ. ಗೃಹಸ್ಥರಾದ ವಾಚಕರಿಗೆ ಇದರಿಂದ ಕೊಂಚ ಪ್ರಯೋಜನವಾದೀತೆಂದು ನನ್ನ ನಂಬಿಕೆ.

2022ನೆಯ ಇಸವಿಯ ದಸರಾ ರಜೆಯಲ್ಲಿ ನಾನು, ನನ್ನ ಪತ್ನಿ, ಹದಿನಾಲ್ಕು ವರ್ಷದ ಮಗಳು, ಹನ್ನೊಂದು ವರ್ಷದ ಮಗ, ಈ ನಾಲ್ವರೂ ಬೆಂಗಳೂರಿನಿಂದ ಹಿಮಾಚಲ ಪ್ರದೇಶದ ಮನಾಲಿಗೆ ಹೋದೆವು. ಅಲ್ಲಿಂದ ಮೇಲೆ, ಹಿಮನದಿಯು ಕೊರೆದ ಕಣಿವೆಯ ತುದಿಯಲ್ಲಿ, ಸುಮಾರು 3,700 ಮೀಟರ್ ಎತ್ತರದಲ್ಲಿ ಬಿಯಾಸ್ ಕುಂಡವೆಂಬ ಸಣ್ಣ ಸರೋವರವಿದೆ. ಬಿಯಾಸ್ ನದಿಯ ಹಳೆಯ ಹೆಸರು ವಿಪಾಶಾ. ಪುತ್ರಶೋಕದಿಂದ ಮೈಯನ್ನು ಹಗ್ಗದಿಂದ ಬಿಗಿದುಕೊಂಡು ನೀರಿಗೆ ಬಿದ್ದ ವಸಿಷ್ಠರ ಪಾಶಗಳನ್ನು ಈ ನದಿಯು ಬಿಡಿಸಿದಳೆಂದು ಮಹಾಭಾರತದಲ್ಲಿ ಕಥೆಯಿದೆ. ನಮ್ಮ ತಾಯಿಯವರು ಇದನ್ನು ಮೊಮ್ಮಕ್ಕಳಿಗೆ ಹೇಳಿ, ಒಂದು ತಾಮ್ರದ ಗಿಂಡಿಯನ್ನು ನನ್ನ ಕೈಗಿತ್ತು, "ಕುಂಡದ ನೀರು ತೆಗೆದುಕೊಂಡು ಬಾಪ್ಪ" ಎಂದಿದ್ದರು.

ನಮ್ಮ ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಮನಾಲಿ 2,000. "ಇಲ್ಲಿ ಇನ್ನೊಂದು ದಿನ ತಂಗಿ ಹೋಗುವುದು ಒಳ್ಳೆಯದು" ಎಂದು ಮಾರ್ಗದರ್ಶಿಯು ಹೇಳಿದನು. ರಜೆ ಸಾಲದೆಂದು ನಾನು ಒಪ್ಪಲಿಲ್ಲ.

ಮರುದಿನ ಧುಂಡಿಯವರೆಗೆ ವಾಹನದಲ್ಲಿ ಹೋಗಿ, ಬೆನ್ನುಚೀಲಗಳನ್ನು ಹೊತ್ತು ನಡೆದೆವು. ಹಳ್ಳದ ಸೇತುವೆಯನ್ನು ದಾಟಿ ಏರಿದಂತೆಲ್ಲ ಮರಗಳು ವಿರಳವಾಗಿ, ಬಕರ್‌ಥಾಚ್ ಎಂಬ ಹುಲ್ಲುಗಾವಲು ತೆರೆದುಕೊಂಡಿತು. ಬೇಸಗೆಯಲ್ಲಿ ಕುರಿಮೇಕೆಗಳು ಮೇಯುವ ಜಾಗವದು. ಎದುರಿಗೆ ಹನುಮಾನ್ ಟಿಬ್ಬಾ ಎಂಬ ಹಿಮಶಿಖರ. ದಾರಿಯುದ್ದಕ್ಕೂ ನಾನು ಮಗನಿಗೆ, "ಗಂಡುಹುಡುಗ ದಣಿಯಬಾರದು" ಎನ್ನುತ್ತ ಬಂದಿದ್ದೆನು. ಅವನು ತುಟಿ ಬಿಚ್ಚಲಿಲ್ಲ. ನಾನದನ್ನು ಉತ್ಸಾಹವೆಂದೇ ತಿಳಿದೆನು.

ಡೇರೆ ಹೂಡಿ ಅವಲಕ್ಕಿ ತಿಂದು ಮಲಗಿದೆವು. ನಡುರಾತ್ರಿ ಮಗು ವಾಂತಿ ಮಾಡಿಕೊಂಡಿತು. ಮಾರ್ಗದರ್ಶಿಯು ದೀಪ ಹಿಡಿದು ಬಂದು, ಅವನನ್ನು ನೇರವಾದ ಗೆರೆಯಲ್ಲಿ ನಡೆಯಿಸಿ ನೋಡಿದನು, ಉಸಿರಾಟವನ್ನು ಗಮನಿಸಿದನು. ಹೆಜ್ಜೆ ತಪ್ಪಲಿಲ್ಲ, ಉಸಿರು ಕಟ್ಟಲಿಲ್ಲ. "ಬೆಳಗಾಗುತ್ತಲೇ ಇಳಿಯೋಣ, ಹೆಚ್ಚಾದರೆ ಈಗಲೇ" ಎಂದನು.

"ಯಾವಾಗಿನಿಂದ ತಲೆನೋವು?" ಎಂದು ಮಗನನ್ನು ಕೇಳಿದೆನು.

"ಮಧ್ಯಾಹ್ನದಿಂದ."

"ಏಕೆ ಹೇಳಲಿಲ್ಲ?"

"ನಿಮಗೆ ಬೇಸರವಾಗುತ್ತಿತ್ತು, ಅಪ್ಪಾ."

ಪತ್ನಿಯು ಏನೂ ಆಡಲಿಲ್ಲ. ಮಗುವಿನ ತಲೆಯನ್ನು ತೊಡೆಯ ಮೇಲಿರಿಸಿಕೊಂಡು ಬೆಳಗಿನವರೆಗೆ ಕುಳಿತಿದ್ದಳು. ಆ ಎತ್ತರದಲ್ಲಿ ಒಂದೊಂದು ಉಸಿರಿಗೂ ದೊರೆಯುವ ಪ್ರಾಣವಾಯು ಸಮುದ್ರತೀರದಲ್ಲಿ ದೊರೆಯುವುದರ ಮೂರರಲ್ಲಿ ಎರಡು ಪಾಲು ಮಾತ್ರ. ದೇಹವು ಅದಕ್ಕೆ ಹೊಂದಿಕೊಳ್ಳಲು ದಿನಗಳು ಬೇಕು. ಧೈರ್ಯವೂ ತೋಳ್ಬಲವೂ ಅದಕ್ಕೆ ಬದಲಾಗಲಾರವು. ಇದನ್ನು ನಾನು ಓದಿ ತಿಳಿದಿದ್ದೆನು. ಆದರೂ ನನ್ನ ಹಟವು ಮಗುವಿನ ಬಾಯನ್ನು ಕಟ್ಟಿತ್ತು.

ಬೆಳಗ್ಗೆ ಬಿಸಿಲು ಶಿಖರವನ್ನು ಮುಟ್ಟಿತು. ಕುಂಡಕ್ಕೆ ಇನ್ನು ಮೂರು ಗಂಟೆಯ ದಾರಿ. "ನೀವೂ ಮಗಳೂ ಹೋಗಿಬನ್ನಿ, ನಾನು ಇವನನ್ನು ಇಳಿಸಿಕೊಂಡು ಹೋಗುತ್ತೇನೆ" ಎಂದಳು ಪತ್ನಿ. ಒಂದು ಕ್ಷಣ ಆಸೆಯಾದುದು ನಿಜ. ಮಗಳು ಅಷ್ಟರಲ್ಲಿಯೇ ತಮ್ಮನ ಚೀಲವನ್ನು ತನ್ನದರ ಮೇಲೆ ಬಿಗಿಯುತ್ತಿದ್ದಳು. ನಾನು ಗಿಂಡಿಯಲ್ಲಿ ಹಳ್ಳದ ನೀರನ್ನೇ ತುಂಬಿಕೊಂಡು, ಎಲ್ಲರೊಡನೆ ಇಳಿದೆನು. ಮನಾಲಿ ಸೇರುವ ಹೊತ್ತಿಗೆ ಮಗ, "ಅನ್ನ, ಮೊಸರು ಸಿಕ್ಕೀತೆ?" ಎಂದು ಕೇಳಿದನು.

ಊರಿಗೆ ಬಂದು ತಾಯಿಯವರಿಗೆ ನಿಜವನ್ನೇ ಹೇಳಿ ಗಿಂಡಿಯನ್ನು ಕೊಟ್ಟೆನು. "ಕುಂಡದಿಂದ ಇಳಿದ ನೀರೇ ಅಲ್ಲವೆ ಹಳ್ಳದಲ್ಲಿರುವುದು? ಮಗು ನೆಟ್ಟಗೆ ಮನೆಗೆ ಬಂತಲ್ಲ, ಅಷ್ಟು ಸಾಕು" ಎಂದರು.

ಅಂದಿನಿಂದ ಬೆಟ್ಟ ಹತ್ತುವಾಗ ನಿಂತಲ್ಲೆಲ್ಲ ಮಕ್ಕಳನ್ನು, "ಹಿಂದಿರುಗೋಣವೆ?" ಎಂದು ಕೇಳುತ್ತೇನೆ. ಅವರೂ ನಿಜವನ್ನು ಹೇಳುತ್ತಾರೆ.