ನೀರು ಹೋಗಲ್ಲ ತಾನೇ?

ವಾಚ್ ಮಾಡಿಂಗ್ ಅಂದ್ರೆ ಸಾಮಾನ್ಯವಾಗಿ ಏನು? ಕಡಿಮೆ ಬೆಲೆಯ ಒಂದು ವಾಚ್ ತಗೊಳ್ಳೋದು, ಒಳ್ಳೇ ಪಾರ್ಟ್ಸ್ ತರಿಸಿ ಹಾಕೋದು, ಹತ್ತು ಪಟ್ಟು ದುಬಾರಿ ವಾಚಿನ ಥರ ಕಾಣೋ ಹಾಗೆ ಮಾಡಿ ಫೋಟೋ ಹಾಕೋದು. ನಮ್ಮ ರೂಮಿನಲ್ಲಿ ನಡೆದದ್ದು ಸ್ವಲ್ಪ ಬೇರೆ. ಯಾಕಂದ್ರೆ ಆ ವಾಚ್ ಕಟ್ಟಬೇಕಾಗಿದ್ದವರು ಫೋಟೋಗೆ ಕಟ್ಟೋರಲ್ಲ. ನಾವು ಮೂರು ಜನ ರೂಮ್‌ಮೇಟ್‌ಗಳಲ್ಲಿ ಒಬ್ಬ ಮಲ್ಪೆಯವ. ಅವನ ಅಪ್ಪ ಟ್ರಾಲ್ ಬೋಟಿನಲ್ಲಿ ಕೆಲಸ ಮಾಡ್ತಾರೆ. ಅವರ ಹಳೇ ವಾಚಿಗೆ ಉಪ್ಪುನೀರು ಹೋಗಿ ಅದು ನಿಂತೇ ಹೋಗಿತ್ತು. ಒದ್ದೆ ಕೈಯಲ್ಲಿ ಪದೇ ಪದೇ ಮೊಬೈಲ್ ತೆಗೆದು ಟೈಮ್ ನೋಡೋಕೆ ಆಗಲ್ಲ.

ನಮ್ಮ ಕಡಲತೀರದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆಗಸ್ಟ್‌ಗೆ ಬೋಟುಗಳು ಮತ್ತೆ ಹೊರಡುತ್ತವೆ. ಅಷ್ಟರೊಳಗೆ ವಾಚ್ ರೆಡಿ ಆಗಬೇಕು. ಇದು ನಮ್ಮ ಡೆಡ್‌ಲೈನ್. ಅಸೈನ್‌ಮೆಂಟ್ ಥರ ಮುಂದೆ ಹಾಕೋ ಹಾಗಿರಲಿಲ್ಲ.

ಪಾಸ್ ಔಟ್ ಆದ ಸೀನಿಯರ್ ಒಬ್ಬರು ಹೋಗುವಾಗ ತಮ್ಮ ವೊಸ್ತೊಕ್ ಆಂಫಿಬಿಯಾವನ್ನು ನಾಲ್ಕು ಸಾವಿರಕ್ಕೆ ನಮಗೆ ಕೊಟ್ಟಿದ್ರು. ಡಯಲ್ ಮೇಲೆ ಪುಟ್ಟ ಮುಳುಗುಗಾರನ ಚಿತ್ರ ಇದೆ, ಅದಕ್ಕೇ ಇದನ್ನು ಪ್ರೀತಿಯಿಂದ ‘ಸ್ಕೂಬಾ ಡ್ಯೂಡ್’ ಅಂತಾರೆ. ರಷ್ಯಾದ ತಾತರ್‌ಸ್ತಾನದಲ್ಲಿ, ಕಾಮಾ ನದಿಯ ದಡದ ಚಿಸ್ತೊಪೋಲ್ ಅನ್ನೋ ಊರಿನಲ್ಲಿ ತಯಾರಾಗೋ ವಾಚ್ ಇದು. ಎರಡನೇ ಮಹಾಯುದ್ಧದಲ್ಲಿ, 1941ರಲ್ಲಿ, ಮಾಸ್ಕೋದ ವಾಚ್ ಕಾರ್ಖಾನೆಯ ಯಂತ್ರಗಳನ್ನು ಈ ಊರಿಗೆ ಸಾಗಿಸಿದ್ರು. 1967ರಲ್ಲಿ ಅಲ್ಲಿ ಆಂಫಿಬಿಯಾ ಹುಟ್ಟಿತು. ವಿನ್ಯಾಸ ಮಾಡಿದವರು ಮಿಖಾಯಿಲ್ ನೊವಿಕೊವ್ ಮತ್ತು ವೆರಾ ಬೆಲೋವಾ.

ಮಾಮೂಲಿ ಡೈವ್ ವಾಚಿನಲ್ಲಿ ಹಿಂದಿನ ಮುಚ್ಚಳವನ್ನೇ ತಿರುಗಿಸಿ ಬಿಗಿ ಮಾಡ್ತಾರೆ. ತಿರುಗುವಾಗ ಅದು ಕೆಳಗಿನ ರಬ್ಬರನ್ನೂ ಉಜ್ಜುತ್ತೆ. ಆಂಫಿಬಿಯಾದಲ್ಲಿ ಮುಚ್ಚಳ ತಿರುಗೋದೇ ಇಲ್ಲ. ಅದು ತನ್ನ ಜಾಗದಲ್ಲಿ ಸುಮ್ಮನೆ ಕೂತಿರುತ್ತೆ, ಮೇಲೆ ಥ್ರೆಡ್ ಇರೋ ಬೇರೊಂದು ರಿಂಗ್ ಬಂದು ಅದನ್ನು ಒತ್ತಿ ಹಿಡಿಯುತ್ತೆ. ಕೆಳಗಿರೋದು ಅಗಲವಾದ, ಚಪ್ಪಟೆಯಾದ ರಬ್ಬರ್ ಗ್ಯಾಸ್ಕೆಟ್. ಆಳಕ್ಕೆ ಹೋದಷ್ಟೂ ನೀರೇ ಮುಚ್ಚಳವನ್ನು ಗ್ಯಾಸ್ಕೆಟ್ ಮೇಲೆ ಒತ್ತುತ್ತೆ. ಮುಂದಿನ ಗ್ಲಾಸು ದಪ್ಪ ಅಕ್ರಿಲಿಕ್. ಅದೂ ಒತ್ತಡಕ್ಕೆ ಒಂಚೂರು ಬಾಗಿ ಕೇಸಿನ ಅಂಚಿಗೆ ಇನ್ನೂ ಗಟ್ಟಿಯಾಗಿ ಕೂರುತ್ತೆ. ಹೊರಗೆ ಇಡಬೇಕಾದ ನೀರನ್ನೇ ಕೆಲಸಕ್ಕೆ ಹಚ್ಚಿಕೊಂಡ ಡಿಸೈನ್. ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ಪ್ರೆಶರ್ ಅಂದ್ರೆ ನಮಗೆ ಐದು ಮಾರ್ಕಿನ ಡೆರಿವೇಶನ್. ಇಲ್ಲಿ ಅದು ಬೆರಳಿಗೆ ಸಿಗೋ ಹಾಗಿತ್ತು.

ಈಗ ‘ಒಳ್ಳೇ ಪಾರ್ಟ್ಸ್’ ವಿಷಯ. ಎಲ್ಲರೂ ಮೊದಲು ಹೇಳೋದು: ಅಕ್ರಿಲಿಕ್ ಕಿತ್ತು ಸಫೈರ್ ಗ್ಲಾಸ್ ಹಾಕಿ. ಸಫೈರ್ ಮೇಲೆ ಸುಲಭಕ್ಕೆ ಗೀರು ಬೀಳಲ್ಲ, ನಿಜ. ಆದ್ರೆ ಸಫೈರ್ ಬಾಗಲ್ಲ. ಬಾಗೋದೇ ಈ ಗ್ಲಾಸಿನ ಕೆಲಸ ಆಗಿರುವಾಗ, ಬಾಗದ ಗ್ಲಾಸ್ ಹಾಕಿದ್ರೆ ಸೀಲ್ ಮಾಡೋ ಉಪಾಯವೇ ಬದಲಾಗುತ್ತೆ. ಎರಡು ರಾತ್ರಿ ಇದರ ಮೇಲೆ ಜಗಳ ಆಯ್ತು. ಕೊನೆಗೆ ಅಕ್ರಿಲಿಕ್ ಉಳಿಸಿಕೊಂಡ್ವಿ. ಗೀರುಗಳನ್ನು ಟೂತ್‌ಪೇಸ್ಟ್ ಹಾಕಿ ಉಜ್ಜಿದ್ವಿ, ಮೆಸ್ಸಿಗೆ ಹೋಗಿ ಬರೋ ಹೊತ್ತಿನಲ್ಲಿ ಮುಗಿಯೋ ಕೆಲಸ.

ಕ್ರೌನ್ ಕೂಡ ಹಾಗೇ. ಬಿಚ್ಚಿದ್ರೆ ಅದು ಲಟಪಟ ಅಲುಗಾಡುತ್ತೆ. ಹೊಸದಾಗಿ ನೋಡಿದವರು ಕೆಟ್ಟಿದೆ ಅಂದುಕೊಳ್ತಾರೆ. ಒಳಗಿನ ಕಡ್ಡಿಗೂ ಹೊರಗಿನ ಗುಂಡಿಗೂ ನಡುವೆ ಬೇಕಂತಲೇ ಸಡಿಲ ಬಿಟ್ಟಿದ್ದಾರೆ, ಪಕ್ಕದಿಂದ ಪೆಟ್ಟು ಬಿದ್ರೆ ಅದು ನೇರ ಒಳಗೆ ಹೋಗಬಾರದು ಅಂತ. ಅದನ್ನೂ ಮುಟ್ಟಲಿಲ್ಲ.

ಬದಲಾಯಿಸಬೇಕಾದದ್ದು ಬೆಜೆಲ್, ಅಂದ್ರೆ ಡಯಲ್ ಸುತ್ತ ತಿರುಗೋ ಬಳೆ. ಮೂಲದ್ದು ಹಿತ್ತಾಳೆಗೆ ಕ್ರೋಮ್ ಲೇಪಿಸಿದ್ದು, ಸಮುದ್ರದ ಗಾಳಿಗೆ ಅದು ಎಷ್ಟು ದಿನ? ಸ್ಟೀಲಿನದು ತರಿಸಿದ್ವಿ. ಅದರ ಮೇಲೆ ಯಾವ ಅಂಕಿ ಇರಬೇಕು ಅನ್ನೋದು ಮುಂದಿನ ಪ್ರಶ್ನೆ. ಡೈವರ್‌ಗಳಿಗೆ 60 ನಿಮಿಷದ ಗುರುತು ಬೇಕು, ಸಿಲಿಂಡರಿನ ಗಾಳಿ ಲೆಕ್ಕಕ್ಕೆ. ಅಂಕಲ್‌ಗೆ ಫೋನ್ ಮಾಡಿ ಕೇಳಿದ್ವಿ. ಬಲೆ ಬಿಟ್ಟ ಮೇಲೆ ಎರಡು ಮೂರು ಗಂಟೆ ಎಳೀತೇವೆ, ಆಮೇಲೆ ಎತ್ತುವುದು ಅಂದ್ರು. ಹಾಗಾದ್ರೆ ನಿಮಿಷ ಬೇಡ, ಗಂಟೆ ಬೇಕು. 12 ಗಂಟೆಯ ಇನ್ಸರ್ಟ್ ಹಾಕಿಸಿದ್ವಿ. ಬಲೆ ಬಿಟ್ಟಾಗ ಬೆಜೆಲ್‌ನ 12ನ್ನು ಗಂಟೆ ಮುಳ್ಳಿನ ಎದುರಿಗೆ ತಂದಿಟ್ಟರೆ ಸಾಕು. ಆಮೇಲೆ ಮುಳ್ಳು ಬೆಜೆಲ್ ಮೇಲೆ ತೋರಿಸೋ ಅಂಕಿಯೇ ಬಲೆ ಎಷ್ಟು ಗಂಟೆ ನೀರಲ್ಲಿದೆ ಅನ್ನೋ ಲೆಕ್ಕ.

ಬೆಲ್ಟ್ ವಿಷಯದಲ್ಲಿ ನಾವು ನೋಡಿಟ್ಟಿದ್ದು ಒಂದೇ ಪಟ್ಟಿಯ ನೈಲಾನ್ ಬೆಲ್ಟ್. ವಾಚಿನ ಕೆಳಗೆ ಹಾದುಹೋಗುತ್ತೆ, ಒಂದು ಪಿನ್ ಹೋದ್ರೂ ವಾಚ್ ಬೀಳಲ್ಲ. ಅದೇ ಫೋನಿನಲ್ಲಿ ಅದನ್ನೂ ಹೇಳಿದ್ವಿ. ಅಂಕಲ್ ಬೇಡ ಅಂದ್ರು. “ಹಗ್ಗಕ್ಕೆ ಸಿಕ್ಕಿಬಿದ್ರೆ ಅದು ಬಿಟ್ಕೊಳ್ಳಬೇಕು. ವಾಚ್ ಹೋದ್ರೆ ಹೋಗ್ಲಿ, ಕೈ ಉಳೀಬೇಕಲ್ಲ ಮಾರಾಯ್ರೆ.” ವಿಂಚ್ ತಿರುಗುವಾಗ ಹೇಗೂ ವಾಚ್ ಬಿಚ್ಚಿ ಕಿಸೆಗೆ ಹಾಕ್ತಾರಂತೆ. 18 ಮಿಲಿಮೀಟರಿನ ಸಾದಾ ಎರಡು ತುಂಡಿನ ರಬ್ಬರ್ ಬೆಲ್ಟ್ ತಂದ್ವಿ. ಫೇಲ್ ಆಗದೇ ಇರೋದೇ ಯಾವಾಗಲೂ ಗುಣ ಅಲ್ಲ ಅನ್ನೋದನ್ನು ಯಾವ ಡಿಸೈನ್ ಕ್ಲಾಸಿನಲ್ಲೂ ನಮಗೆ ಇಷ್ಟು ಚಿಕ್ಕದಾಗಿ ಹೇಳಿರಲಿಲ್ಲ.

ಹಿಂದಿನ ರಿಂಗ್ ಬಿಚ್ಚೋಕೆ ವರ್ನಿಯರ್ ಕ್ಯಾಲಿಪರಿನ ಮೂತಿ ಸರಿಯಾಗಿ ಕೂರುತ್ತೆ ಅಂತ ಅನೇಕರು ಹೇಳ್ತಾರೆ. ನಮ್ಮ ವರ್ಕ್‌ಶಾಪ್ ಇನ್‌ಸ್ಟ್ರಕ್ಟರ್ ಮುಖ ನೆನಪಾಯ್ತು. 250 ರೂಪಾಯಿಯ ಕೀ ತಗೊಂಡ್ವಿ. ಹಳೇ ಗ್ಯಾಸ್ಕೆಟ್ ಅಂಚಿನಲ್ಲಿ ಗಟ್ಟಿಯಾಗಿತ್ತು. ಹೊಸದಕ್ಕೆ ಸಿಲಿಕಾನ್ ಗ್ರೀಸ್ ತೆಳ್ಳಗೆ ಸವರಿ ಕೂರಿಸಿ ಮುಚ್ಚಿದ್ವಿ.

ಅವತ್ತು ರಾತ್ರಿ ಅಂಕಲ್ ಮತ್ತೆ ಫೋನಿಗೆ ಬಂದ್ರು. ಮಗನ ಹತ್ತಿರ ತುಳುವಿನಲ್ಲಿ ಕೇಳಿದ್ದು ಒಂದೇ ಮಾತು, ಅವನು ನಮಗೆ ಕನ್ನಡದಲ್ಲಿ ಹೇಳಿದ: “ನೀರು ಹೋಗಲ್ಲ ತಾನೇ?”

ಮೂವರಲ್ಲಿ ಯಾರೂ ತಕ್ಷಣ ಮಾತಾಡಲಿಲ್ಲ. 200 ಮೀಟರ್ ಅಂತ ಫ್ಯಾಕ್ಟರಿ ಹೇಳುತ್ತೆ. ಆದ್ರೆ ಅದು ಫ್ಯಾಕ್ಟರಿ ಮುಚ್ಚಿದ ವಾಚಿನ ಬಗ್ಗೆ ಹೇಳಿದ ಮಾತು. ಈಗ ಮುಚ್ಚಿದವರು ನಾವು. ಆ 200ನ್ನು ನಮ್ಮ ಬಾಯಲ್ಲಿ ಹೇಳೋಕೆ ನಮಗೇನು ಹಕ್ಕು? ನೋಡಿ ಹೇಳ್ತೇವೆ ಅಂಕಲ್ ಅಂದ್ವಿ.

ಪೇಟೆಯಲ್ಲಿ ಒಬ್ಬರು ಹಿರಿಯ ವಾಚ್ ರಿಪೇರಿಯವರಿದ್ದಾರೆ. “ಏನ್ರಪ್ಪಾ, ನೀವೇ ಬಿಚ್ಚಿದ್ರಾ?” ಅಂತ ಕನ್ನಡಕದ ಮೇಲಿಂದ ನೋಡಿದ್ರು. ಗ್ಯಾಸ್ಕೆಟ್‌ಗೆ ಅವರ ಬಾಯಲ್ಲಿ ‘ವಾಷರ್’. ಅವರ ಹತ್ತಿರ ದಪ್ಪ ಪಾರದರ್ಶಕ ಕೊಳವೆಯ ಟೆಸ್ಟರ್ ಇದೆ. ಕೆಳಗರ್ಧ ನೀರು, ಮೇಲೆ ಗಾಳಿ. ವಾಚನ್ನು ಮೇಲೆ ಗಾಳಿಯಲ್ಲಿ ನೇತುಹಾಕಿ, ಪಂಪ್ ಹೊಡೆದು ಒತ್ತಡ ಏರಿಸಿ, ಸ್ವಲ್ಪ ಹೊತ್ತು ಬಿಡ್ತಾರೆ. ಸೋರುವ ಜಾಗ ಇದ್ರೆ ಗಾಳಿ ಒಳಗೆ ಸೇರುತ್ತೆ. ಆಮೇಲೆ ವಾಚನ್ನು ನೀರಿಗೆ ಇಳಿಸಿ ಒತ್ತಡ ಬಿಟ್ರೆ ಆ ಗಾಳಿ ಗುಳ್ಳೆಯಾಗಿ ಹೊರಗೆ ಬರುತ್ತೆ. ಮೊದಲೇ ನೀರಿನಲ್ಲಿ ಇಡದೆ ಗಾಳಿಯಿಂದ ಪರೀಕ್ಷೆ ಮಾಡೋದ್ರಿಂದ, ಫೇಲ್ ಆದ್ರೂ ವಾಚ್ ಉಳಿಯುತ್ತೆ.

ಆ ಟೆಸ್ಟರ್ ಹೋಗೋದು 6 ಬಾರ್‌ವರೆಗೆ. ಲೆಕ್ಕಕ್ಕೆ 60 ಮೀಟರ್ ನೀರು. ನಿಜ ಹೇಳಬೇಕಂದ್ರೆ ನಮಗೆ ಬೇಕಾಗಿದ್ದೂ ಕಡಿಮೆ ಒತ್ತಡದ ಪರೀಕ್ಷೆಯೇ. ಆಳದಲ್ಲಿ ಈ ವಾಚಿಗೆ ನೀರಿನ ಸಹಾಯ ಸಿಗುತ್ತೆ. ಬೋಟಿನ ಮೇಲೆ ಬೀಳೋದು ಅಲೆಯ ಎರಚು, ಬಕೆಟ್ ನೀರು. ಅಲ್ಲಿ ಸಹಾಯಕ್ಕೆ ಯಾರೂ ಇಲ್ಲ, ನಾವು ಕೈಯಾರೆ ಬಿಗಿ ಮಾಡಿದ ರಿಂಗ್ ಒಂದೇ.

ವಾಚ್ ನೀರಿಗೆ ಇಳೀತು. ಅವರು ವಾಲ್ವ್ ಬಿಟ್ರು. ಬೆಜೆಲ್ ಸಂದಿಯಿಂದ ಎರಡು ಗುಳ್ಳೆ ಎದ್ದವು. ನಮ್ಮ ಹೊಟ್ಟೆಯಲ್ಲಿ ಏನೋ ಆಯ್ತು. “ಅದು ಹೊರಗೆ ಸಿಕ್ಕಿದ್ದ ಗಾಳಿ ಕಣ್ರಪ್ಪಾ, ಒಳಗಿಂದ ಬಂದ್ರೆ ಸಾಲಾಗಿ ಬರ್ತಾ ಇರುತ್ತೆ,” ಅಂದ್ರು. ಕಾದ್ವಿ. ಇನ್ನು ಬರಲಿಲ್ಲ. ಮತ್ತೊಮ್ಮೆ ಮಾಡಿಸಿದ್ವಿ. ಒಂದೂ ಬರಲಿಲ್ಲ. ಟೆಸ್ಟಿಗೆ 150 ರೂಪಾಯಿ ಕೊಟ್ವಿ. ಇಡೀ ಪ್ರಾಜೆಕ್ಟಿನಲ್ಲಿ ಇದಕ್ಕಿಂತ ಒಳ್ಳೇ ಪಾರ್ಟ್ ನಾವು ಕೊಂಡಿಲ್ಲ.

ವಾಚ್ ಜೊತೆ ಒಂದು ಚೀಟಿ ಇಟ್ಟು ಕಳಿಸಿದ್ವಿ. ‘6 ಬಾರ್‌ವರೆಗೆ ನೋಡಿದ್ದೇವೆ, ಅದರಾಚೆಗೆ ನಾವು ಹೇಳೋದಿಲ್ಲ. ಕೀ ತಿರುಗಿಸಿ ಪೂರ್ತಿ ಬಿಗಿ ಮಾಡದೆ ನೀರು ಮುಟ್ಟಿಸಬೇಡಿ. ದಡಕ್ಕೆ ಬಂದಾಗ ಸಿಹಿನೀರಲ್ಲಿ ತೊಳೀರಿ. ಗ್ಲಾಸಿನ ಒಳಗೆ ಮಂಜು ಕಂಡ್ರೆ ಅವತ್ತೇ ಫೋನ್ ಮಾಡಿ.’ ಪಾರ್ಟ್ಸ್ ಬಗ್ಗೆ ಚೀಟಿಯಲ್ಲಿ ಒಂದು ಮಾತೂ ಇರಲಿಲ್ಲ.

ಆಗಸ್ಟ್‌ನ ಮೊದಲ ಟ್ರಿಪ್ ಮುಗಿದ ಮೇಲೆ ಫೋಟೋ ಬಂತು. ಬೆಜೆಲ್ ಗೆರೆಗಳಲ್ಲಿ ಬಿಳೀ ಉಪ್ಪು, ಗ್ಲಾಸಿನ ಒಳಗೆ ಮಂಜಿಲ್ಲ, ಸ್ಕೂಬಾ ಡ್ಯೂಡ್ ಆರಾಮಾಗಿದ್ದಾನೆ. ಜೊತೆಗೊಂದು ದೂರು: ಒದ್ದೆ ಕೈಗೆ ಬೆಜೆಲ್ ಸ್ವಲ್ಪ ಬಿಗಿ. ಅದನ್ನು ಹಿಡಿದಿರೋದು ಒಳಗಿನ ಒಂದು ಸ್ಪ್ರಿಂಗ್ ತಂತಿ, ಅದರ ಬಾಗು ತುಸು ಕಡಿಮೆ ಮಾಡಿದ್ರೆ ಸಡಿಲ ಆಗುತ್ತೆ. ಮುಂದಿನ ಜೂನ್‌ನಲ್ಲಿ ಬೋಟು ನಿಂತಾಗ ವಾಚ್ ನಮ್ಮ ರೂಮಿಗೆ ಬರುತ್ತೆ. ತಂತಿ ಬಾಗಿಸಬೇಕು, ವಾಷರ್ ಬದಲಾಯಿಸಬೇಕು, ಮತ್ತೆ ಟೆಸ್ಟ್ ಮಾಡಿಸಬೇಕು. ನೋಡೋ ಆಸಕ್ತಿ ಇದ್ದವರು ಬನ್ನಿ. ವರ್ನಿಯರ್ ಮಾತ್ರ ತರಬೇಡಿ.